ಬೇಲೂರಿನ ಮದನಿಕೆ, ಸಾಲಗಾಮೆ ರಸ್ತೆಯ ಹುಡುಗ: ಒಂದು ಹಸ್ತಪ್ರತಿಗೆ ಉತ್ತರ

ನಮಸ್ಕಾರ.

ನಿಮ್ಮ 312 ಪುಟಗಳ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ಪಟ್ಟಿಗೆ ಕೂತು, ಎರಡನೇ ಸಲ ಪೆನ್ಸಿಲ್ ಹಿಡಿದು. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಈಗಿರುವ ಹಾಗೆ ಇದನ್ನು ನಾವು ಅಚ್ಚು ಹಾಕುವುದಿಲ್ಲ. ಹಾಗಂತ 'ಪ್ರಕಟಣೆಗೆ ಸೂಕ್ತವಾಗಿಲ್ಲ, ವಿಷಾದವಿದೆ' ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳಲು ನಿಮ್ಮ 41ನೇ ಪುಟ ಬಿಡಲಿಲ್ಲ. ನೀವು ಒಪ್ಪಿದ್ದರಿಂದ, ಹೆಸರು ತೆಗೆದು ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಇದೇ ಜಾಡಿನ ಕತೆಗಳು ಈಚೆಗೆ ನನ್ನ ಮೇಜಿಗೆ ಮೇಲಿಂದ ಮೇಲೆ ಬರುತ್ತಿವೆ.

ಬೇರೆಯವರಿಗಾಗಿ ಕತೆ ಇಷ್ಟು: ಹೊಯ್ಸಳರ ಕಾಲದ ಬೇಲೂರಿನಲ್ಲಿ ಶಿಲ್ಪಿಯೊಬ್ಬನ ಮಗಳು ಶಾಪಕ್ಕೆ ಸಿಕ್ಕಿ ಚೆನ್ನಕೇಶವ ದೇವಸ್ಥಾನದ ಮದನಿಕೆಯಾಗಿ ನಿಂತುಬಿಡುತ್ತಾಳೆ. ಒಂಬೈನೂರು ವರ್ಷದ ಮೇಲೆ, ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುವ ಸಕಲೇಶಪುರದ ಹುಡುಗನೊಬ್ಬ ಕಳಿಸಿದ ಸಂಕೇತದಿಂದ ಶಾಪ ಒಡೆಯುತ್ತದೆ. ಪ್ರೀತಿಯಾಗುತ್ತದೆ. ಕೊನೆಗೆ 'ಕ್ವಾಂಟಂ ದ್ವಾರ' ತೆರೆದು ಅವನು ಅವಳ ಕಾಲಕ್ಕೆ ಹೊರಟುಹೋಗುತ್ತಾನೆ.

ಈ ಎಳೆ ನನಗೆ ನಿಜಕ್ಕೂ ಹಿಡಿಸಿತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವಸ್ಥಾನ ಒಂದು ಕಡೆ, 1982ರಲ್ಲಿ ಶುರುವಾದ ಉಪಗ್ರಹ ಕೇಂದ್ರ ಇನ್ನೊಂದು ಕಡೆ, ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಮ್ಮ ಜಿಲ್ಲೆಯಲ್ಲೇ ಹುಟ್ಟಬೇಕಾದ ಕತೆ ಇದು. ಅದಕ್ಕೇ ಸಿಟ್ಟು ಹೆಚ್ಚು.

ನನ್ನ ತಕರಾರು ಒಂದೇ. ಆ ಒಂಬೈನೂರು ವರ್ಷ ನಿಮ್ಮ ಹುಡುಗಿಯ ಮೈಮೇಲೆ ಎಲ್ಲೂ ಕಾಣುವುದಿಲ್ಲ. 58ನೇ ಪುಟದಲ್ಲಿ ಕಲ್ಲಿನಿಂದ ಇಳಿಯುತ್ತಾಳೆ, 63ರಲ್ಲಿ ಚೂಡಿದಾರ್ ಹಾಕುತ್ತಾಳೆ, 70ರಲ್ಲಿ ಅವನ ಮೊಬೈಲಿನಲ್ಲಿ ಹಾಡು ಕೇಳುತ್ತಾಳೆ. ಪಕ್ಕದ ತಾಲ್ಲೂಕಿನಿಂದ ಕಾಲೇಜಿಗೆ ಸೇರಲು ಬಂದ ಹುಡುಗಿಯೂ ಇದಕ್ಕಿಂತ ಹೆಚ್ಚು ತಡವರಿಸುತ್ತಾಳೆ.

ಕಾಲ ತಪ್ಪಿದ ಪ್ರೇಮದ ಕತೆ ನಮಗೆ ಹೊಸದೇನೂ ಅಲ್ಲ. ಭಾಗವತದ ರೇವತಿಯನ್ನು ನೆನಪಿಸಿಕೊಳ್ಳಿ. ಮಗಳಿಗೆ ತಕ್ಕ ಗಂಡು ಯಾರು ಎಂದು ಕೇಳಲು ಕಕುದ್ಮಿ ರಾಜ ಅವಳನ್ನು ಕರೆದುಕೊಂಡು ಬ್ರಹ್ಮನಲ್ಲಿಗೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೆದಿರುತ್ತದೆ, ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಬ್ರಹ್ಮ ನಗುತ್ತಾನೆ: ನೀನು ಕಾದ ಹೊತ್ತಿನಲ್ಲಿ ಕೆಳಗೆ 27 ಚತುರ್ಯುಗ ಕಳೆದುಹೋಗಿವೆಯಪ್ಪಾ, ನೀನು ನೆನೆಸಿಕೊಂಡ ಗಂಡುಗಳ ಮೊಮ್ಮಕ್ಕಳ ಹೆಸರೂ ಈಗ ಕೇಳಿಬರುವುದಿಲ್ಲ. ತಿರುಗಿ ಬಂದಾಗ ಭೂಮಿಯ ಜನ ಕುಳ್ಳಗಾಗಿದ್ದಾರೆ. ಗಂಡು ಸಿಕ್ಕಿದ್ದು ಬಲರಾಮ, ಆದರೆ ಹುಡುಗಿ ಅವನಿಗಿಂತ ತೀರಾ ಎತ್ತರ. ಅವನು ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ ಮದುವೆಯಾದ ಎನ್ನುತ್ತದೆ ವಿಷ್ಣುಪುರಾಣ. ನೋಡಿ, ಅಷ್ಟು ಯುಗಗಳ ಅಂತರವನ್ನು ಪುರಾಣ ಹೇಳಿದವರು ಒಂದು ಹೆಣ್ಣಿನ ಎತ್ತರಕ್ಕೆ ತಂದು ನಿಲ್ಲಿಸಿದರು. ಹಂದರದಲ್ಲಿ ಕೂತ ನೆಂಟರ ಕಣ್ಣಿಗೂ ಕಾಣುವಂಥದ್ದು. (ತಗ್ಗಬೇಕಾದವಳು ಅವಳೇ ಏಕೆ, ಹಾಗೆ ತಗ್ಗುವಾಗ ನೋವಾಯಿತೇ ಎಂದು ಯಾರೂ ಕೇಳಲಿಲ್ಲ. ಅದೂ ಒಂದು ಕಾದಂಬರಿ, ಆದರೆ ಇನ್ನೊಂದು ದಿನಕ್ಕಿರಲಿ.)

ನಿಮ್ಮ ಹುಡುಗಿಯ ಎತ್ತರ ಎಲ್ಲಿದೆ? ನನಗೆ ಕೇಳಿದರೆ ನಾಲಿಗೆಯಲ್ಲಿ, ಅಡುಗೆಮನೆಯಲ್ಲಿ ಇರಬೇಕು. ಅಲ್ಲೇ ನೀವು ಎಡವಿದ್ದೀರಿ. 12ನೇ ಪುಟದಲ್ಲಿ ಅವಳ ತಾಯಿ ಒರಳಲ್ಲಿ ಕೆಂಪು ಮೆಣಸಿನಕಾಯಿ ರುಬ್ಬುತ್ತಾಳೆ. ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು, ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದೇ 1498ರಲ್ಲಿ. ಆ ತಾಯಿಗೆ ಗೊತ್ತಿದ್ದ ಖಾರ ಕರಿಮೆಣಸಿನದು. 19ರಲ್ಲಿ ಹುಡುಗಿ 'ಹಳೇಬೀಡಿನ ಜಾತ್ರೆ'ಗೆ ಹೋಗುತ್ತಾಳೆ. ಅವಳ ಕಾಲಕ್ಕೆ ಅದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಹಾಳು ಬಿದ್ದ ಮೇಲಲ್ಲವೇ ಅದು 'ಹಳೇ' ಬೀಡಾದದ್ದು? ಇನ್ನು ಅವಳ ಹೆಸರು 'ನಕ್ಷತ್ರಾ'. ಶಾಂತಲೆಯ ತಾಯಿಯ ಹೆಸರು ಮಾಚಿಕಬ್ಬೆ ಎಂದು ಶಾಸನ ಹೇಳುತ್ತದೆ. ಅಂಥ ಹೆಸರಿಟ್ಟರೆ ಓದುಗರು ನಗುತ್ತಾರೆ ಎಂದು ಅಂಜಬೇಡಿ, ಎರಡು ಅಧ್ಯಾಯದಲ್ಲಿ ಒಗ್ಗಿಹೋಗುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಅವಳ ಬಾಯಲ್ಲಿ ಕಂಪನಿ ನಾಟಕದ 'ಎಲೈ ತರುಣನೇ' ತುರುಕಿದ್ದೀರಿ. ಆ ಕಾಲದಲ್ಲಿ ಪಕಾರ ಹಕಾರಕ್ಕೆ ಹೊರಳುತ್ತಿತ್ತು: ಪೂ ಹೂವಾಗುತ್ತಿತ್ತು, ಪೋಗು ಹೋಗು ಆಗುತ್ತಿತ್ತು. ಇಷ್ಟೇ ಸಾಕು ನಿಮಗೆ. 88ನೇ ಪುಟದಲ್ಲಿ ಹುಡುಗನ ತಾಯಿ 'ಏನು ಕುಡೀತೀಯಮ್ಮ' ಎಂದಾಗ ನಿಮ್ಮ ಹುಡುಗಿ 'ಏನಾದರೂ ಸರಿ' ಎನ್ನುತ್ತಾಳೆ. ಅದರ ಬದಲು ಅವಳು 'ಪಾಲ್' ಎನ್ನಲಿ. ಕೇಳಿದ್ದು ಹಾಲು. ಆದರೆ ಕಾಫಿ ತೋಟದ ಯಜಮಾನಿ ಕಿವಿಗೆ ಬಿದ್ದದ್ದು ಪಾಲು! ಇನ್ನೂ ತಾಳಿಯೇ ಇಲ್ಲ, ಆಗಲೇ ಪಾಲು ಕೇಳುತ್ತಾಳಲ್ಲ ಈ ಹುಡುಗಿ! ನೀವು ಆರು ಪುಟ ಸ್ವಗತದಲ್ಲಿ ಹೇಳಿದ ಕಾಲದ ಅಂತರ ಒಂದು ಅಕ್ಷರದಲ್ಲಿ ಬಂತು, ನಗುವೂ ಬಂತು.

ಇನ್ನು ವಿಜ್ಞಾನ. 'ಎಷ್ಟೋ ಜ್ಯೋತಿರ್ವರ್ಷಗಳಿಂದ ನಿನಗಾಗಿ ಕಾದೆ' ಎಂದು ಐದು ಕಡೆ ಇದೆ. ಜ್ಯೋತಿರ್ವರ್ಷ ದೂರದ ಅಳತೆ. 'ಎಷ್ಟೋ ಮೈಲಿಗಳಿಂದ ಕಾದೆ' ಎಂದಂತಾಯಿತು. ಹೊಡೆದು ಹಾಕಿ. ಕ್ವಾಂಟಂ ದ್ವಾರಕ್ಕೂ ಬೀಗ ಹಾಕಿ. ಏನು ಮಾಡಿದರೂ ನಡೆಯುತ್ತದೆ ಎನ್ನುವ ಕಡೆ ಆ ಪದ ಬಂದು ಕೂರುತ್ತದೆ.

ನಮ್ಮ ಅಜ್ಜಿಯರ ಕತೆಯಲ್ಲಿ ಮಾಯೆಗೂ ಕಟ್ಟುಪಾಡಿರುತ್ತಿತ್ತು. ಹೂವಿನ ಮರವಾಗುವ ಹುಡುಗಿಯ ಕತೆ ಕೇಳಿರುತ್ತೀರಿ. ಒಂದು ಬಿಂದಿಗೆ ನೀರು ಹೊಯ್ದರೆ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿ. ನಡುವೆ ರೆಂಬೆ ಮುರಿಯಬಾರದು, ಎಲೆ ಕೀಳಬಾರದು. ಮುರಿದಾಗಲೇ ಕತೆ ಹೊತ್ತಿಕೊಳ್ಳುವುದು. ನಿಮ್ಮ ಕತೆಗೆ ಅಂಥದ್ದೊಂದು ಬಿಂದಿಗೆ ಬೇಕು. ತಮಾಷೆಯೆಂದರೆ ಅದು ನಿಮ್ಮ ನಾಯಕನ ಆಫೀಸಿನಲ್ಲೇ ಇದೆ.

ಅವನು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು (ಭೂಮಿಯ ಜೊತೆಗೇ ಸುತ್ತುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವಂಥವು) ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅವಕ್ಕೆ ವರ್ಷವಿಡೀ ಹೆಚ್ಚುಕಮ್ಮಿ ದಿನಪೂರ್ತಿ ಬಿಸಿಲು. ಆದರೆ ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸು, ಒಂದೊಂದು ಸಲಕ್ಕೆ ಸುಮಾರು 45 ದಿನ, ದಿನಕ್ಕೊಂದು ಸಲ ಅವು ಭೂಮಿಯ ನೆರಳಿಗೆ ಸಿಕ್ಕುತ್ತವೆ. ಅದೂ ನಡುರಾತ್ರಿಯ ಹೊತ್ತಿಗೆ. ಮೊದಲ ರಾತ್ರಿ ಕೆಲವೇ ನಿಮಿಷ, ದಿನ ಕಳೆದಂತೆ ಬೆಳೆದು ಹೆಚ್ಚೆಂದರೆ 72 ನಿಮಿಷ, ಆಮೇಲೆ ಮತ್ತೆ ಇಳಿಯುತ್ತಾ ಇಲ್ಲವಾಗುತ್ತದೆ. ಆ ಹೊತ್ತಿನಲ್ಲಿ ಸೌರಫಲಕಕ್ಕೆ ಬೆಳಕಿಲ್ಲ, ಉಪಗ್ರಹ ಬ್ಯಾಟರಿಯ ಮೇಲೆ ಬದುಕಬೇಕು. ಇದನ್ನು ಓದಿ ನಿಮಗೆ ಏನೂ ಅನ್ನಿಸಲಿಲ್ಲವೇ? ನಡುರಾತ್ರಿ, ನೆರಳು, ಎಣಿಸಿಟ್ಟ ನಿಮಿಷ. ಯಾವ ಅಜ್ಜಿ ಇದಕ್ಕಿಂತ ಚೆಂದ ಹೇಳಿಯಾಳು? ಉಪಗ್ರಹ ನೆರಳಿನಲ್ಲಿದ್ದಷ್ಟು ಹೊತ್ತು ಮಾತ್ರ ಅವಳಿಗೆ ಜೀವ. ಆಕಾಶದ ಲೆಕ್ಕವೇ ಶಾಪದ ಕಟ್ಟಳೆಯಾಗಲಿ.

ಆಗ ಎಷ್ಟು ತೊಡಕು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ನೋಡಿ. ಬೆಳಗಾದರೆ ಅವಳು ತನ್ನ ಜಾಗದಲ್ಲಿ ಇರುತ್ತಾಳೆ, 42 ಮದನಿಕೆಯರಲ್ಲಿ ಒಬ್ಬಳು ಕಾಣೆ ಎಂದು ಗೈಡ್ ಬೊಬ್ಬೆ ಹಾಕಬೇಕಿಲ್ಲ. ಹೊಸ ತೊಡಕೂ ಹುಟ್ಟುತ್ತದೆ: ಅವಳಿಗೆ ಜೀವ ಬರುವ ಹೊತ್ತಿಗೇ ಅವನು ಪಾಳಿಯಲ್ಲಿ ಕೂತು ಬ್ಯಾಟರಿಯ ಮೇಲೆ ಕಣ್ಣಿಟ್ಟಿರಬೇಕು. ರಜೆ ಚೀಟಿಗೆ ಏನು ಕಾರಣ ಬರೆಯುತ್ತಾನೆ ಪಾಪ?

ಈಗ ಆ 41ನೇ ಪುಟ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಿಸುವ ಬೇಸಿಗೆಯ ಮಳೆ, ಬಿದ್ದು ತೋಟ ಪೂರ್ತಿ ಕಾಫಿ ಹೂ ಅರಳಿದೆ. ಅವಳು ಅದನ್ನು ಎಂದೂ ಕಂಡವಳಲ್ಲ. ಮಲ್ಲಿಗೆ ಎಂದುಕೊಂಡು ಬಳ್ಳಿ ಹುಡುಕುತ್ತಾ ಗಿಡದ ಬುಡ ತಡವುತ್ತಾಳೆ, ಬಳ್ಳಿ ಸಿಗುವುದಿಲ್ಲ. 'ಇದು ಯಾವ ಹೂವಿನ ವಾಸನೆ ಕದ್ದಿದೆ?' ಎಂದು ಕೇಳುತ್ತಾಳೆ. ಎರಡೇ ಕಡೆ ಪೆನ್ಸಿಲ್ ಇಟ್ಟೆ, ಎರಡನ್ನೂ ಅಳಿಸಿದೆ. (ಅದು ಅವಳು ಕಲ್ಲಿನಿಂದ ಇಳಿಯುವ 58ಕ್ಕಿಂತ ಮೊದಲೇ ಹೇಗೆ ಬಂತು ಎಂಬುದು ಬೇರೆ ಮಾತು. ಅಧ್ಯಾಯಗಳನ್ನು ಜೋಡಿಸುವಾಗ ಒಮ್ಮೆ ಕಣ್ಣಾಡಿಸಬಾರದೇ?) ತೋಟವನ್ನು ಮಾತ್ರ ಸಕಲೇಶಪುರದಿಂದ ಎತ್ತಿ ಬೇಲೂರು ತಾಲ್ಲೂಕಿನಲ್ಲೇ, ಅರೇಹಳ್ಳಿ ಕಡೆ ತನ್ನಿ. ಬೈಕಿನಲ್ಲಿ ಹೋಗಲು ಅರ್ಧ ಗಂಟೆ, ತಿರುಗಿ ಬರಲು ಅರ್ಧ ಗಂಟೆ. 72 ನಿಮಿಷದಲ್ಲಿ ಹೂವಿನ ನಡುವೆ ನಿಲ್ಲಲು ಉಳಿಯುವುದು ಹನ್ನೆರಡು ನಿಮಿಷ. ಕಾಫಿ ಹೂ ಇರುವುದೂ ಎರಡು ಮೂರು ದಿನ. ಅಮ್ಮ ಎದ್ದು ದೀಪ ಹಾಕಿದರೆ ಪಾಲು ಹಾಲಿನ ರಾದ್ಧಾಂತವೂ ಅಷ್ಟರಲ್ಲೇ ಮುಗಿಯಬೇಕು. ನಿಮ್ಮ ಪ್ರೇಮಿಗಳು ಈಗ 200 ಪುಟ ಪುರುಸೊತ್ತಾಗಿ ಮಾತಾಡುತ್ತಾರೆ, ಅದಕ್ಕೇ ನನಗೆ ಆಕಳಿಕೆ ಬಂದದ್ದು. ಏಪ್ರಿಲ್ ನಡುವಿನಲ್ಲಿ ನೆರಳು ಮುಗಿದರೆ ಮತ್ತೆ ಸಿಗುವುದು ಆಗಸ್ಟ್ ಕೊನೆಗೆ. ಮಲೆನಾಡಿನ ಮಳೆಗಾಲ ಪೂರ್ತಿ ಅವನು ಕಾಯಲಿ, ಕಿಟಕಿಯ ಆಚೆ ಸುರಿಯುತ್ತಲೇ ಇರಲಿ.

ಇನ್ನೊಂದು. 15ನೇ ಪುಟದಲ್ಲಿ ಅವಳ ಅಪ್ಪ ಹೇಳುತ್ತಾನೆ: ಬಳಪದ ಕಲ್ಲು ನೆಲದಿಂದ ಎತ್ತಿದಾಗ ಮೆತ್ತಗಿರುತ್ತದೆ, ಗಾಳಿ ತಾಗಿದಷ್ಟೂ ಗಟ್ಟಿಯಾಗುತ್ತದೆ. ನಿಜವಾದ ಮಾತು, ದೇವಸ್ಥಾನದ ಆ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದೇ ಅದರಿಂದ. ಹೇಳಿ ಮರೆತುಬಿಟ್ಟಿದ್ದೀರಿ! ಈ ಕಾಲದ ಗಾಳಿ ತಾಗಿದಷ್ಟೂ ಅವಳೂ ಗಟ್ಟಿಯಾಗುತ್ತಾ ಹೋದರೆ? ಮಾರ್ಚಿನಲ್ಲಿ ಹೂ ತಡವಿದ ಬೆರಳು ಸೆಪ್ಟೆಂಬರಿಗೆ ಮಡಚದಿದ್ದರೆ? ಪ್ರತಿ ಭೇಟಿಗೂ ಅವಳು ತೆರುವುದು ಏನು ಎಂದು ಅವನಿಗೆ ಯಾವಾಗ ಗೊತ್ತಾಗಬೇಕು? ಅದನ್ನು ನೀವೇ ಯೋಚಿಸಿ, ಕತೆ ನಿಮ್ಮದು.

ಕಾಗುಣಿತ ಯಾರಾದರೂ ತಿದ್ದುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಚಂದ್ರನನ್ನು ಮಾತ್ರ ಕಮ್ಮಿ ಮಾಡಿ, ಅವಳ ಮುಖಕ್ಕೆ ಹೋಲಿಸಲು 17 ಸಲ ಕರೆಸಿದ್ದೀರಿ.

ಪೂರ್ತಿ ತಿದ್ದಿ ಕಳಿಸುವುದು ಬೇಡ. ಮೊದಲ ನೆರಳಿನ ರಾತ್ರಿ ಒಂದನ್ನು ಬರೆದು ಕಳಿಸಿ, ಹದಿನೈದು ಪುಟ ಮೀರದಂತೆ. ಹಸ್ತಪ್ರತಿಯನ್ನು ಇವತ್ತು ಕೊರಿಯರಿಗೆ ಹಾಕಿಸಿದ್ದೇನೆ. 188ನೇ ಪುಟದ ಮೇಲಿರುವ ಕಾಫಿ ಕಲೆ ನನ್ನದು, ಕ್ಷಮಿಸಿ. ಅಲ್ಲಿ ನಿಮ್ಮ ನಾಯಕ ಹೊಯ್ಸಳರ ಊರಿನಲ್ಲಿ ಫಿಲ್ಟರ್ ಕಾಫಿ ಕೇಳುತ್ತಿದ್ದ.