ನಿಮ್ಮ ಲೇಖನ ಹೆರಿಗೆ ಕೋಣೆಯಲ್ಲೇ ನಿಂತಿದೆ

ನಮಸ್ಕಾರ. ಬಡ ದೇಶಗಳಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ತಡೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲಾರೆ. ಬರವಣಿಗೆ ಸರಾಗವಾಗಿದೆ, ಮಾಹಿತಿ ಮಾತ್ರ ಬಹಳ ಹಳತು.

‘ನೋವು ಶುರುವಾದಾಗ ತಾಯಿಗೊಂದು ನೆವಿರಪಿನ್ ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಗುಟುಕು, ಅಲ್ಲಿಗೆ ಅಪಾಯ ಕಳೆಯಿತು’ ಎಂದಿದ್ದೀರಿ. 1999ರಲ್ಲಿ ಉಗಾಂಡಾದ ಅಧ್ಯಯನ ಈ ದಾರಿ ತೋರಿಸಿದ್ದು ನಿಜ. ಆದರೆ ನೆವಿರಪಿನ್ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಜೊತೆಗೆ ಬೇರೆ ಔಷಧ ಇಲ್ಲದಿದ್ದರೆ ವೈರಸ್ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮುಂದೆ ಅದೇ ಗುಂಪಿನ ಔಷಧ ತಾಯಿಗೆ ಸರಿಯಾಗಿ ನಾಟುವುದಿಲ್ಲ. 2011ರಲ್ಲಿ ಮಲಾವಿ ಬೇರೆ ದಾರಿ ಹಿಡಿಯಿತು. ಸಿಡಿ4 (ಎಚ್‌ಐವಿ ನಾಶಮಾಡುವ ರೋಗನಿರೋಧಕ ಕಣಗಳು) ಎಣಿಸುವ ಯಂತ್ರ ಎಲ್ಲ ಕಡೆ ಇರಲಿಲ್ಲ, ಹಾಗಾಗಿ ಎಣಿಕೆಗೆ ಕಾಯದೆ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪೂರ್ತಿ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಔಷಧಗಳ ಚಿಕಿತ್ಸೆ. ನಿಮ್ಮ ಲೇಖನದಲ್ಲಿ ಮಲಾವಿಯ ಹೆಸರೇ ಇಲ್ಲ!

ಈಗ ಹೆಚ್ಚಿನ ಕಡೆ ಕೊಡುವುದು ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ, ದಿನಕ್ಕೊಂದು. ಗರ್ಭಿಣಿಯರು ನುಂಗುವ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ತೆಗೆದುಕೊಂಡರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದೊಂದಿಗಾದರೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಎಚ್‌ಐವಿ ಮಾತ್ರೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ.

ಮಗುವಿಗೆ ‘ದಿನಕ್ಕೊಂದು ಚಮಚ ಸಿರಪ್’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ಸೋಂಕಿನ ಅಪಾಯ ಕಡಿಮೆಯಿರುವ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಹೆಚ್ಚು ತೂಗಿದ ಮಗುವಿಗೆ ಹಲವು ದೇಶಗಳಲ್ಲಿ ಕೊಡುವುದು ದಿನಕ್ಕೆ 15 ಮಿಲಿಗ್ರಾಂ ನೆವಿರಪಿನ್, ಅಂದರೆ ಒಂದೂವರೆ ಎಂಎಲ್ ಸಿರಪ್, ಆರು ವಾರ. ಟೀ ಚಮಚ ಹಿಡಿಯುವುದು ಐದು ಎಂಎಲ್! ಸೂಜಿಯಿಲ್ಲದ ಸಿರಿಂಜಿನ ಮೇಲೆ ಗೆರೆ ಎಳೆದು ತಾಯಿಗೆ ತೋರಿಸಬೇಕಾದ ಕೆಲಸ ಇದು.

ಎದೆಹಾಲಿನ ಬಗ್ಗೆ ಬರೆದದ್ದು ಒಂದೇ ವಾಕ್ಯ: ‘ಬಾಟಲಿ ಹಾಲೇ ಸುರಕ್ಷಿತ’. ಶುದ್ಧ ನೀರು ಸಿಗದ ಕಡೆ ಆ ಬಾಟಲಿಯೇ ಭೇದಿ ತಂದು ಮಗುವನ್ನು ಕೊಲ್ಲಬಹುದು. ತಾಯಿ ಮಾತ್ರೆ ತಪ್ಪಿಸದೆ, ಮೊದಲ ಆರು ತಿಂಗಳು ಬರೀ ಎದೆಹಾಲು ಕುಡಿಸುವುದು ಅಲ್ಲಿನ ದಾರಿ. ಬಾಣಂತನದಲ್ಲಿ ಮಾತ್ರೆ ಬಿಟ್ಟುಹೋಗುವುದೇ ಹೆಚ್ಚು, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಏರುವುದೂ ಆಗಲೇ. ಮಗುವಿಗೆ ಸೋಂಕು ದಾಟುವ ಅಪಾಯ ಹಾಲು ಬಿಡಿಸುವವರೆಗೂ ಇರುತ್ತದೆ.

ಮಗುವಿನ ಪರೀಕ್ಷೆಯ ಭಾಗವೂ ತಪ್ಪು. ಪ್ರತಿಕಾಯ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಪರೀಕ್ಷೆ ಪಾಸಿಟಿವ್ ಬಂದರೆ ಮಗುವಿಗೆ ಸೋಂಕಿದೆ ಎಂದೇ ಬರೆದಿದ್ದೀರಿ. ಹದಿನೆಂಟು ತಿಂಗಳೊಳಗೆ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದರೆ ಅದು ತಾಯಿಯ ಪ್ರತಿಕಾಯವೂ ಇರಬಹುದು. ಆದ್ದರಿಂದ ನಾಲ್ಕರಿಂದ ಆರನೇ ವಾರದಲ್ಲಿ ಹಿಮ್ಮಡಿ ಚುಚ್ಚಿ, ರಕ್ತ ಹೀರುವ ಕಾಗದದ ಕಾರ್ಡಿನ ವೃತ್ತಗಳನ್ನು ರಕ್ತದಿಂದ ತುಂಬಿಸಿ ಪಿಸಿಆರ್‌ಗೆ, ಅಂದರೆ ವೈರಸ್ಸನ್ನೇ ಹುಡುಕುವ ಪರೀಕ್ಷೆಗೆ, ಕಳಿಸುತ್ತಾರೆ. ಒಂದು ವೃತ್ತಕ್ಕೆ ಒಂದೇ ದೊಡ್ಡ ಹನಿ. ಹನಿಯ ಮೇಲೆ ಹನಿ ಬಿಟ್ಟರೆ ಮಾದರಿ ಕೆಡುತ್ತದೆ. ಬಿಸಿಲು ತಾಗದಂತೆ ಕೆಲವು ಗಂಟೆ ಪೂರ್ತಿ ಒಣಗಿಸದೆ ಚೀಲಕ್ಕೆ ಹಾಕಿದರೂ ಅಷ್ಟೇ, ಪ್ರಯೋಗಾಲಯ ಹಿಂದಿರುಗಿಸುತ್ತದೆ. ಆಗ ತಾಯಿ ಮತ್ತೊಮ್ಮೆ ಅಷ್ಟು ದೂರ ನಡೆದು ಬರಬೇಕು. ಬರದೇ ಹೋಗುವವರೂ ಇದ್ದಾರೆ.

ಮುನ್ನುಡಿಯ ಎರಡು ಪುಟ ತೆಗೆದು, ಆ ಜಾಗವನ್ನು ಹೆರಿಗೆಯ ನಂತರದ ತಿಂಗಳುಗಳಿಗೆ ಕೊಡಿ. ‘ಏಡ್ಸ್ ಪೀಡಿತ ತಾಯಿ’ ಎಂಬಲ್ಲೆಲ್ಲ ‘ಎಚ್‌ಐವಿ ಸೋಂಕಿರುವ ತಾಯಿ’ ಎಂದಿರಲಿ. ಏಡ್ಸ್ ಎಂದರೆ ಸೋಂಕಿನ ಕೊನೆಯ ಹಂತ, ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ ಅದು ಇಲ್ಲ. ತಿದ್ದಿ ಕಳಿಸಿ, ಓದುತ್ತೇನೆ.