ಕಾಲುವೆ ನೀರಿನ ವರದಿಗೆ ಟೋಕನ್ ಬಹುಮಾನ: ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ

ಶರಣು ಅಣ್ಣಾ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಸಮಾಧಾನವಾಗಿ ಬರೆಯೋಣ ಅಂತ ಬೆಳಿಗ್ಗೆವರೆಗೆ ಇಟ್ಟುಕೊಂಡೆ. ಆಮೇಲೆ ಓದುವವರಿಗೂ ಗೊತ್ತಾಗಲಿ ಅಂತ ನೀವು ಕೇಳಿದ್ದನ್ನ ಒಮ್ಮೆ ಹೇಳಿಬಿಡ್ತೀನಿ. ಸಿಂಧನೂರು ಕಡೆಯ ಮೂರು ಊರಿನ ಗುಂಪುಗಳು, ಒಟ್ಟು 180 ಜನ. ನೀರು ಯಾವ ತೂಬಿಗೆ ಬಂತು, ಎಷ್ಟು ಬಂತು ಅಂತ ದಿನಾ ವರದಿ ಹಾಕುವವರಿಗೆ ಆರು ವಾರ ಟೋಕನ್, ಅಂದರೆ ಮೊಬೈಲಿನಲ್ಲಿ ಜಮಾ ಆಗೋ ಡಿಜಿಟಲ್ ಅಂಕ, ಕೊಡಬೇಕು. ಬಹುಮಾನಕ್ಕೆ 60,000 ರೂಪಾಯಿ ಎತ್ತಿಟ್ಟಿದ್ದೀರಿ. ಲೆಕ್ಕ ಬ್ಲಾಕ್‌ಚೈನ್ ಮೇಲೆ, ಅಂದರೆ ಹಲವು ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಳ್ಳೋ ಖಾತೆಯಲ್ಲಿ, ಇರಬೇಕು.

ಒಂದೇ ಊರಿನ ಗುಂಪಾಗಿದ್ದರೆ ಎಕ್ಸೆಲ್ ಶೀಟ್ ಸಾಕು ಅಂತಿದ್ದೆ. ನಿಮ್ಮದು ಮೂರು ಊರು, ಹಣ ಒಂದೇ. "ಅವರ ಊರಿಗೆ ಜಾಸ್ತಿ ಬರಕೊಂಡ್ರು" ಅನ್ನೋ ಮಾತು ಎರಡನೇ ವಾರಕ್ಕೇ ಬರುತ್ತೆ. ಯಾರೂ ಗುಟ್ಟಾಗಿ ತಿದ್ದಲಾಗದ, ಎಲ್ಲರೂ ತೆರೆದು ನೋಡಬಹುದಾದ ಖಾತೆ ಇದ್ದರೆ ಆ ಜಗಳ ಅಲ್ಲೇ ನಿಲ್ಲುತ್ತೆ. ಹಾಗಾಗಿ ನಿಮ್ಮ ಯೋಚನೆ ಸರಿ ಇದೆ.

ಆದರೆ ಟೋಕನ್ ಮಾಡೋದು ಒಂದು ಮಧ್ಯಾಹ್ನದ ಕೆಲಸ. ಕಷ್ಟ ಇರೋದು ಯಾವ ಕೆಲಸಕ್ಕೆ ಕೊಡಬೇಕು ಅನ್ನೋದರಲ್ಲಿ. ಹತ್ತಿ ಬಿಡಿಸೋಕೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟಾಗ ಏನಾಗುತ್ತೆ ನೆನಪು ಮಾಡಿಕೊಳ್ಳಿ. ಇಬ್ಬನಿ ಆರೋ ಮುಂಚೆಯೇ ಬಿಡಿಸ್ತಾರೆ, ಒದ್ದೆ ಹತ್ತಿ ತೂಗುತ್ತೆ. ಒಣಗಿದ ಎಲೆ, ಕಡ್ಡಿ ಎಲ್ಲಾ ಚೀಲಕ್ಕೆ ಬರುತ್ತೆ. ಕೂಲಿಯವರದು ತಪ್ಪಲ್ಲ, ನಾವು ತೂಕಕ್ಕೆ ದುಡ್ಡು ಕೊಟ್ಟಿದ್ದೀವಿ, ಅವರು ತೂಕ ತಂದಿದ್ದಾರೆ. ಟೋಕನ್ನೂ ಹಾಗೇ.

ಬಳ್ಳಾರಿ ಕಡೆ ಒಂದು ಮೆಣಸಿನಕಾಯಿ ಬೆಳೆಗಾರರ ಗುಂಪಿಗೆ ನಾನು ಇಂಥದ್ದೇ ಮಾಡಿಕೊಟ್ಟಿದ್ದೆ. ಮಾರುಕಟ್ಟೆ ದರದ ಪೋಸ್ಟ್ ಹಾಕಿದರೆ 5 ಟೋಕನ್ ಅಂತ ಇಟ್ಟೆವು. ಮೊದಲ ವಾರ ಗುಂಪು ತುಂಬಿ ಹರೀತು, ನಮಗೆ ಖುಷಿಯೋ ಖುಷಿ. ಆಮೇಲೆ ಕೂತು ನೋಡಿದರೆ ಒಂದೇ ಚೀಲವನ್ನ ನಾಲ್ಕು ಕಡೆಯಿಂದ ತೆಗೆದ ಫೋಟೋಗಳು. ಬೇರೆ ಬೇರೆ ನಂಬರಿನಿಂದ ಬಂದಿದ್ದವು, ಆದರೆ ಚೀಲದ ಬಾಯಿಗೆ ಕಟ್ಟಿದ್ದ ಕೆಂಪು ದಾರ ಅದೇ. ಒಬ್ಬರ ಮನೆಯಲ್ಲೇ ಆರು ವ್ಯಾಲೆಟ್ (ಟೋಕನ್ ಇಡೋ ಮೊಬೈಲ್ ಖಾತೆ) ಇದ್ದವು. ನಿಜವಾಗಿ ಮಾರುಕಟ್ಟೆಗೆ ಹೋಗಿ ದರ ತಂದ ಇಬ್ಬರು ಬೇಸರ ಮಾಡಿಕೊಂಡು ಹಾಕೋದೇ ಬಿಟ್ಟರು. ಅದು ನನಗೆ ಈಗಲೂ ನೋವು.

ಇದು ನಮ್ಮ ಕಡೆ ಮಾತ್ರ ಆಗೋದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕ್ರಿಪ್ಟೋ ವಿನಿಮಯ ಮಾಡೋ ಯೂನಿಸ್ವಾಪ್ ತನ್ನನ್ನ ಹಿಂದೆ ಬಳಸಿದ್ದ ಪ್ರತಿ ವ್ಯಾಲೆಟ್ ವಿಳಾಸಕ್ಕೂ 400 ಟೋಕನ್ ಕೊಟ್ಟಿತು. ಅದಾದ ಮೇಲೆ ಮುಂದಿನ ಹಂಚಿಕೆಯ ಆಸೆಗೆ ಒಬ್ಬೊಬ್ಬರೇ ನೂರಾರು ವ್ಯಾಲೆಟ್ ತೆರೆದು ಕೂತರು. 2023ರ ಮಾರ್ಚ್‌ನಲ್ಲಿ ಆರ್ಬಿಟ್ರಮ್ ಅನ್ನೋ ಇನ್ನೊಂದು ಜಾಲ ತನ್ನ ಟೋಕನ್ ಹಂಚೋ ಹೊತ್ತಿಗೆ ಅಂಥವರನ್ನ ಸೋಸಿ ತೆಗೆಯೋದೇ ಒಂದು ದೊಡ್ಡ ಕೆಲಸ ಆಗಿತ್ತು. ಹೀಗೆ ಒಬ್ಬರೇ ಹಲವರಂತೆ ಬರೋದಕ್ಕೆ ಸಿಬಿಲ್ ದಾಳಿ ಅಂತಾರೆ. ಅವರಿಗಿಲ್ಲದ ಅನುಕೂಲ ನಿಮಗಿದೆ: ನಿಮಗೆ ಮುಖ ಗೊತ್ತು. ಮೂರೂ ಊರಲ್ಲಿ ಒಂದೊಂದು ಸಂಜೆ ಗುಡಿ ಕಟ್ಟೆ ಮೇಲೆ ಕೂತು, ಒಬ್ಬರಿಗೆ ಒಂದೇ ವ್ಯಾಲೆಟ್ ಅಂತ ಎದುರಿಗೇ ಬರೆದುಕೊಳ್ಳಿ. ಹೆಸರಿನ ಪಟ್ಟಿ ಪುಸ್ತಕದಲ್ಲೇ ಇರಲಿ. ಆಧಾರ್, ಪಹಣಿ ನಂಬರ್, ಫೋನ್ ನಂಬರ್ ಯಾವುದನ್ನೂ ಚೈನ್ ಮೇಲೆ ಹಾಕಬೇಡಿ. ಅಲ್ಲಿ ಹೋದದ್ದನ್ನ ಅಳಿಸೋಕಾಗಲ್ಲ.

ಈಗ ವರದಿ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರು ಮುಟ್ಟೋಕೆ 227 ಕಿಲೋಮೀಟರ್. ಮೇಲ್ಭಾಗದಲ್ಲಿ ನೀರು ಬಂತು ಅನ್ನೋ ಸುದ್ದಿ ಹೇಗೂ ಸಿಗುತ್ತೆ. ಕೊನೆ ಭಾಗದ ತೂಬಿನ ಸುದ್ದಿಯೇ ಅಪರೂಪ, ಬೇಕಾಗಿರೋದೂ ಅದೇ. ಹಾಗಾಗಿ ಎಲ್ಲದಕ್ಕೂ ಒಂದೇ ದರ ಇಡಬೇಡಿ. ಸಾಮಾನ್ಯ ವರದಿಗೆ 20 ಟೋಕನ್, ಕೊನೆ ಭಾಗದ ತೂಬಿಗೆ 30. ಹಾಕಿದ ತಕ್ಷಣ ಕೊಡೋದಲ್ಲ. ಅದೇ ಉಪಕಾಲುವೆಯ ಇನ್ನಿಬ್ಬರು ಹೌದು ಅಂದ ಮೇಲೆ ಕೊಡೋದು, ಆ ಇಬ್ಬರಿಗೂ ತಲಾ 5. ಇಬ್ಬರು ಯಾರು ಅಂತ ವರದಿ ಹಾಕಿದವರು ಆರಿಸಬಾರದು, ಪ್ರತಿದಿನ ಚೀಟಿ ಎತ್ತಿ ಆರಿಸಿ. ನೀರು ಬಂದಿಲ್ಲ ಅನ್ನೋ ವರದಿಗೂ ಅಷ್ಟೇ ಟೋಕನ್ ಕೊಡಿ. ಇದನ್ನ ಮರೆತರೆ ನಿಮಗೆ ಸಿಹಿ ಸುದ್ದಿ ಮಾತ್ರ ಬರುತ್ತೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮಗೆಲ್ಲ ಬೇಕಾಗಿದ್ದದ್ದು ಖಚಿತವಾದ ಸುದ್ದಿ, ಅಲ್ವಾ?

ಫೋಟೋ ವಿಷಯ. ವಾಟ್ಸಾಪ್‌ನಲ್ಲಿ ಮಾಮೂಲಿ ರೀತಿ ಕಳಿಸಿದ ಫೋಟೋದಲ್ಲಿ ಜಾಗ, ಸಮಯದ ವಿವರ ಉಳಿಯಲ್ಲ. ಹೋದ ವರ್ಷದ ಫೋಟೋ ಇವತ್ತು ಹಾಕಿದರೂ ಗೊತ್ತಾಗಲ್ಲ. ನಾವು ಆಮೇಲೆ ಮಾಡಿದ್ದು ಸುಲಭದ ಉಪಾಯ. ಬೆಳಿಗ್ಗೆ ಗುಂಪಿನಲ್ಲಿ ಆ ದಿನದ ಒಂದು ಪದ ಹಾಕ್ತಿದ್ದೆವು, "ಬೆಲ್ಲ", "ಕಂಬಳಿ" ಅಂತ ಏನಾದರೂ. ಅದನ್ನ ಕಾಗದದಲ್ಲಿ ದಪ್ಪಗೆ ಬರೆದು ಫೋಟೋದಲ್ಲಿ ಕಾಣೋ ಹಾಗೆ ಹಿಡಿಯಬೇಕು. ನಿಮ್ಮಲ್ಲಿ ತೂಬಿನ ಪಕ್ಕ, ನೀರಿನ ಮಟ್ಟದ ಗೇಜು ಇದ್ದರೆ ಅದರ ಪಕ್ಕ ಹಿಡಿಯಲಿ. ಹಳೆ ಫೋಟೋ ಅವತ್ತಿಗೇ ನಿಂತವು. ಒಂದು ಮಾತು, ಅಣ್ಣಾ: ಬೆಳಿಗ್ಗೆ 6ರಿಂದ ಸಂಜೆ 6ರವರೆಗಿನ ಫೋಟೋಗೆ ಮಾತ್ರ ಟೋಕನ್ ಅಂತ ಖಡಾಖಂಡಿತ ಬರೆಯಿರಿ. ಇಪ್ಪತ್ತು ಟೋಕನ್‌ಗಾಗಿ ಒಬ್ಬ ಹುಡುಗ ಕತ್ತಲಲ್ಲಿ ಕಾಲುವೆ ಅಂಚಿಗೆ ಹೋಗಬಾರದು.

ಹಣದ ಲೆಕ್ಕ ಹೀಗೆ ಕೂಡಿಸಿ. ಒಂದು ಟೋಕನ್ ಅಂದರೆ ಬಾಡಿಗೆಯಲ್ಲಿ ಒಂದು ರೂಪಾಯಿ ರಿಯಾಯಿತಿ, ಯಾವ ಬಾಡಿಗೆ ಅಂತ ಕೊನೆಗೆ ಹೇಳ್ತೀನಿ. ದಿನಕ್ಕೆ 1,200ಕ್ಕಿಂತ ಜಾಸ್ತಿ ಹಂಚಬಾರದು. 42 ದಿನಕ್ಕೆ 50,400 ಆಯ್ತು. ಉಳಿದ 9,600 ತಕರಾರು, ತಪ್ಪು ಸರಿಪಡಿಸೋಕೆ ಇರಲಿ. ದಿನದ 1,200ರಲ್ಲಿ ಅರ್ಧ ಕೊನೆ ಭಾಗಕ್ಕೆ ಮೀಸಲಿಡಿ. ಇಲ್ಲದಿದ್ದರೆ ಮೇಲ್ಭಾಗದವರು ಬೆಳಿಗ್ಗೆ ಎಂಟಕ್ಕೇ ಎಲ್ಲ ಮುಗಿಸಿರ್ತಾರೆ. ಒಬ್ಬರಿಗೆ ದಿನಕ್ಕೆ ಎರಡು ವರದಿ ಸಾಕು.

ತಾಂತ್ರಿಕ ಭಾಗ ನಿಮ್ಮ ಮಗನಿಗೆ ಓದಿ ಹೇಳಿ, ಅವನಿಗೆ ಗೊತ್ತಾಗುತ್ತೆ. ಪಾಲಿಗಾನ್ ಅನ್ನೋ ಬ್ಲಾಕ್‌ಚೈನ್ ಸಾಕು, ಅಲ್ಲಿ ಶುಲ್ಕ ತೀರಾ ಕಮ್ಮಿ. ಮೊದಲು ಅದರ ಪರೀಕ್ಷಾ ಜಾಲ ಅಮೋಯ್‌ನಲ್ಲಿ ಮಾಡಿ ನೋಡಲಿ. ಹಳೆ ವಿಡಿಯೋಗಳಲ್ಲಿ ಮುಂಬೈ ಅನ್ನೋ ಪರೀಕ್ಷಾ ಜಾಲ ತೋರಿಸ್ತಾರೆ, ಅದು 2024ರಲ್ಲೇ ಮುಚ್ಚಿದೆ. ಕೋಡ್ ಸ್ವಂತ ಬರೆಯೋದು ಬೇಡ. ಓಪನ್‌ಜೆಪ್ಪೆಲಿನ್‌ನವರು ಬರೆದಿಟ್ಟ ಇಆರ್‌ಸಿ-20 ಅನ್ನೋ ಮಾದರಿ ಟೋಕನ್ ಕೋಡ್ ತಗೊಂಡು, ಬ್ರೌಸರಿನಲ್ಲೇ ಕೋಡ್ ತಿದ್ದೋ ರೀಮಿಕ್ಸ್‌ನಲ್ಲಿ ಮೂರು ಬದಲಾವಣೆ ಮಾಡಲಿ. ಒಂದು, ಒಟ್ಟು ಮಿತಿ 60,000 ಅಂತ ಕೋಡ್‌ನಲ್ಲೇ ಕಟ್ಟಿಬಿಡೋದು. ಆಮೇಲೆ ಅಧ್ಯಕ್ಷರೇ ಬಂದರೂ ಒಂದು ಟೋಕನ್ ಜಾಸ್ತಿ ಹುಟ್ಟಲ್ಲ. ಎರಡು, ಒಬ್ಬರಿಂದ ಒಬ್ಬರಿಗೆ ವರ್ಗಾವಣೆ ಬಂದ್. ಹುಟ್ಟಿಸೋದು, ಸುಡೋದು (ಶಾಶ್ವತವಾಗಿ ಅಳಿಸೋದು) ಎರಡೇ ಇರಲಿ. ಮೂರನೆಯದು ದಶಮಾಂಶ. ಸುಮ್ನೆ ಬಿಟ್ಟರೆ ಅದು 18 ಸ್ಥಾನ ಇರುತ್ತೆ. ಮೊದಲ ಸಲ ನಾನು 50 ಅಂತ ಬರೆದು ಕಳಿಸಿದೆ, ಜನರ ಮೊಬೈಲಿನಲ್ಲಿ ಸೊನ್ನೆ ತೋರಿಸಿತು! ಚುಕ್ಕೆ ಆದಮೇಲೆ ಹದಿನಾರು ಸೊನ್ನೆ ದಾಟಿ 5 ಇತ್ತು. ದಶಮಾಂಶ ಸೊನ್ನೆ ಮಾಡಿಬಿಡಿ, 50 ಅಂದರೆ 50.

ದೊಡ್ಡ ಹಂಚಿಕೆಗಳಲ್ಲಿ ಪಟ್ಟಿಯನ್ನ ಮರ್ಕಲ್ ಟ್ರೀ ಅನ್ನೋ ಗಣಿತದ ರೀತಿಯಲ್ಲಿ ಅಡಕ ಮಾಡಿ, ಜನರೇ ಬಂದು ತಮ್ಮ ಪಾಲು ತಗೊಳ್ಳೋ ಹಾಗೆ ಮಾಡ್ತಾರೆ. 180 ಜನಕ್ಕೆ ಅದು ಬೇಡ. ತಗೊಳ್ಳೋರು ಶುಲ್ಕಕ್ಕೆ ಪಿಒಎಲ್ (ಪಾಲಿಗಾನ್‌ನ ಸ್ವಂತ ನಾಣ್ಯ) ಇಟ್ಟುಕೊಂಡಿರಬೇಕಾಗುತ್ತೆ, ನಮ್ಮ ಜನ ಅದನ್ನ ಎಲ್ಲಿಂದ ತರಬೇಕು? ಗುಂಪೇ ವಾರಕ್ಕೊಮ್ಮೆ ಎಲ್ಲರ ವ್ಯಾಲೆಟ್‌ಗೆ ಹಾಕಲಿ. ಶನಿವಾರ ಪಟ್ಟಿ ಗುಂಪಿನಲ್ಲಿ ಹಾಕಿ, ಭಾನುವಾರ ಸಂಜೆವರೆಗೆ ತಕರಾರು ಕೇಳಿ, ಆಮೇಲೆ ಹಾಕಿ. ಹಾಕೋ ಕೀಲಿ ಒಬ್ಬರ ಕೈಯಲ್ಲಿ ಬೇಡ. ಸೇಫ್ ಅನ್ನೋ ಮಲ್ಟಿಸಿಗ್ (ಹಲವರ ಸಹಿ ಬೇಕಾಗೋ) ವ್ಯಾಲೆಟ್‌ನಲ್ಲಿ ಊರಿಗೊಬ್ಬರಂತೆ ಮೂವರು, ಇಬ್ಬರು ಸಹಿ ಹಾಕಿದರೆ ಮಾತ್ರ ಹೋಗೋ ಹಾಗೆ ಇಡಿ. ಕೋಡನ್ನ ಪಾಲಿಗಾನ್‌ಸ್ಕ್ಯಾನ್‌ನಲ್ಲಿ (ಪಾಲಿಗಾನ್ ಖಾತೆ ತೆರೆದು ತೋರಿಸೋ ಜಾಲತಾಣ) ವೆರಿಫೈ ಮಾಡಿ ಬಿಡಿ, ಯಾರು ಬೇಕಾದರೂ ಓದಲಿ.

ಮೊಬೈಲ್ ಕಳೆದರೆ ವ್ಯಾಲೆಟ್ ಮತ್ತೆ ತೆರೆಯೋಕೆ ಬೇಕಾಗೋ ಅದರ 12 ಗುಟ್ಟಿನ ಪದಗಳನ್ನ ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡೋ ಪೆಟ್ಟಿಗೆಯಲ್ಲೇ ಇಡೋಕೆ ಹೇಳಿ. ಫೋಟೋ ತೆಗೆಯೋದು ಬೇಡ. "ಟೋಕನ್ ಬಂದಿದೆ, ಲಿಂಕ್ ಒತ್ತಿ" ಅಂತ ಮೆಸೇಜ್ ಬಂದೇ ಬರುತ್ತೆ. ನಮ್ಮ ಗುಂಪು ಯಾವತ್ತೂ ಲಿಂಕ್ ಕಳಿಸಲ್ಲ ಅಂತ ಮೊದಲ ದಿನವೇ ಸಾರಿಬಿಡಿ.

ನಗದು ಮಾತ್ರ ಕೊಡಬೇಡಿ, ಅಣ್ಣಾ. ನೀವು ಕೊನೆಗೆ ಟೋಕನ್ ತಂದವರಿಗೆ ದುಡ್ಡು ಎಣಿಸಿ ಕೊಡೋಣ ಅಂದಿದ್ದೀರಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಆಸ್ತಿ ಮಾರಿದ ಲಾಭಕ್ಕೆ ಶೇ 30 ತೆರಿಗೆ ಇದೆ. ಅದೇ ವರ್ಷದ ಜುಲೈ 1ರಿಂದ ಮಿತಿ ದಾಟಿದ ಪಾವತಿಗೆ ಶೇ 1 ಟಿಡಿಎಸ್ (ದುಡ್ಡು ಕೊಡೋ ಮುಂಚೆಯೇ ಮುರಿದುಕೊಳ್ಳೋ ತೆರಿಗೆ) ಹಿಡಿಯಬೇಕು. ಆದರೆ ನೇರವಾಗಿ ದುಡ್ಡು ಪಡೆಯದೆ ಕೊಟ್ಟ, ವಸ್ತು, ಸೇವೆ ಅಥವಾ ರಿಯಾಯಿತಿಗೆ ಬಳಸೋ ರಿವಾರ್ಡ್ ಪಾಯಿಂಟ್‌ಗಳನ್ನ 2022ರ ಜೂನ್ 30ರ ಅಧಿಸೂಚನೆಯಲ್ಲಿ ಇದರಿಂದ ಹೊರಗಿಟ್ಟಿದ್ದಾರೆ. ಮಾರಲಾಗದ, ಗುಂಪಿನೊಳಗೆ ಮಾತ್ರ ನಡೆಯೋ ಟೋಕನ್ ಆ ವಿವರಣೆಗೆ ಹತ್ತಿರ. ಆದರೂ ಶುರು ಮಾಡೋ ಮುಂಚೆ ನಿಮ್ಮ ಆಡಿಟರ್‌ಗೆ ನಿಯಮದ ಪ್ರತಿ ತೋರಿಸಿ.

ಬದಲಿಗೆ ಆ 60,000ವನ್ನ ತಾಡಪತ್ರಿ ಬಾಡಿಗೆ, ಸ್ಪ್ರೇಯರ್ ಬಾಡಿಗೆ, ಭತ್ತ ಕೊಯ್ಯೋ ಮಷಿನ್ ಬಾಡಿಗೆಯ ರಿಯಾಯಿತಿಗೆ ಹಾಕಿ. ಕೊಯ್ಲಿನ ಹೊತ್ತಿಗೆ ಮಷಿನ್ ಸರದಿಗೆ ಎಷ್ಟು ಕಾಯ್ತೀವಿ ಗೊತ್ತಲ್ಲ. 300 ಟೋಕನ್ ಕೊಟ್ಟವರಿಗೆ ಸರದಿಯಲ್ಲಿ ಒಂದು ದಿನ ಮುಂದೆ ಅಂತ ಇಡಿ, ಮೋಡ ಕಟ್ಟಿದ ವಾರ ಅದರ ಬೆಲೆ ಗೊತ್ತಾಗುತ್ತೆ. ಕೊಟ್ಟ ಟೋಕನ್ ಅಲ್ಲೇ ಸುಡಬೇಕು, ಮತ್ತೆ ಓಡಾಡಬಾರದು.

ನೀರು ಬಿಡೋಕೆ ಮುಂಚೆ ಹತ್ತು ಜನರನ್ನ ಇಟ್ಟುಕೊಂಡು ಒಂದು ವಾರ ಅಮೋಯ್‌ನಲ್ಲಿ ನಡೆಸಿ. ಆ ಹತ್ತರಲ್ಲಿ ನಾಲ್ವರು ಕೊನೆ ಭಾಗದವರಿರಲಿ, ಇಬ್ಬರಾದರೂ ಹೆಣ್ಣುಮಕ್ಕಳಿರಲಿ. ಉಪಕಾಲುವೆ, ತೂಬುಗಳ ಪಟ್ಟಿ ಇಲ್ಲೇ ಹಾಕಿ. ಯಾವ ತೂಬನ್ನ ಕೊನೆ ಭಾಗ ಅಂತ ಗುರುತಿಸಬೇಕು ಅನ್ನೋದನ್ನ ಕೂತು ಒಟ್ಟಿಗೆ ನೋಡೋಣ.