ಪ್ರತಿಕ್ರಿಯೆ: ಅಜ್ಜನ ಪದಕ ಯಾವ ಯುದ್ಧದ್ದು?

ಪದಕದಲ್ಲಿ ಯುದ್ಧದ ಹೆಸರೇ ಕಾಣುತ್ತಿಲ್ಲ ಎಂದಿದ್ದೀರಿ. ಅದು ಯುದ್ಧಕ್ಕೆ ಕೊಟ್ಟದ್ದೇ ಅಲ್ಲದಿರಬಹುದು. ಹಳದಿ ರಿಬ್ಬನ್ನು, ಕಡುನೀಲಿ ಪಟ್ಟೆ ಅಂದರೆ 1960ರಲ್ಲಿ ಶುರುವಾದ, ಸೇನೆಯಲ್ಲಿ ಅಸಾಧಾರಣ ಸೇವೆಗೆ ಕೊಡುವ ವಿಶಿಷ್ಟ ಸೇವಾ ಪದಕಗಳ ಸಾಲು. ನಿಮ್ಮ ಫೋಟೊ ಮಸುಕಾಗಿದೆ, ಪಟ್ಟೆ ನೀವೇ ಎಣಿಸಿ: ಮೂರಿದ್ದರೆ ವಿಶಿಷ್ಟ, ಎರಡಾದರೆ ಅತಿ ವಿಶಿಷ್ಟ, ಒಂದೇ ಆದರೆ ಪರಮ ವಿಶಿಷ್ಟ.

ಆಮೇಲೆ ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಾಮಾನ್ಯವಾಗಿ ಸೇವಾ ಸಂಖ್ಯೆ, ಹೆಸರು ಅಲ್ಲೇ ಇರುತ್ತವೆ. ದೀಪ ತಿಕ್ಕಿದ ಹಾಗೆ ಹುಣಸೆಹುಳಿ ಹಾಕಿ ತಿಕ್ಕಲು ಮಾತ್ರ ಹೋಗಬೇಡಿ. ನಮ್ಮ ಮಾವನ ಪದಕದಲ್ಲಿ ಎರಡು ಅಂಕಿ ಹಾಗೆಯೇ ಅಳಿಸಿಹೋದವು.

ಸಂಖ್ಯೆ ಸಿಕ್ಕಿದರೆ ಅದನ್ನೂ ಅಜ್ಜನ ಪಿಂಚಣಿ ಕಾಗದದ ಜೆರಾಕ್ಸನ್ನೂ ಹಿಡಿದು ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ. ದಾಖಲೆಗೆ ಎಲ್ಲಿಗೆ ಬರೆಯಬೇಕೆಂದು ಅಲ್ಲಿ ಕೇಳಿ.